ಒಂದೇ ಬಣ್ಣದ ದಾರಿ

"ಇನ್ನೊಂದು ಹೆಗಲು ಬೇಕು," ಎಂದ ವ್ಯಾನಿನ ಡ್ರೈವರ್, ಶವಪೆಟ್ಟಿಗೆಯ ಒಂದು ಮೂಲೆ ಎತ್ತಿಕೊಂಡು. ಇನ್ನೆರಡು ಮೂಲೆಗೆ ಪಕ್ಕದ ಮನೆಯ ಅಣ್ಣತಮ್ಮಂದಿರಿದ್ದರು. ಮಗಳು ಅತ್ತಿತ್ತ ನೋಡಿದಳು. ಬೇರೆ ಯಾರೂ ಇರಲಿಲ್ಲ. ತಾನೇ ಹೋಗಿ ಹೆಗಲು ಕೊಟ್ಟಳು.

ಮಣ್ಣು ಮುಗಿಯುವ ಹೊತ್ತಿಗೆ ಒಬ್ಬರು ಏದುಸಿರು ಬಿಡುತ್ತ ಬಂದರು. ಅಪ್ಪನ ಜೊತೆ ಪ್ರಯೋಗಾಲಯದಲ್ಲಿದ್ದ ಇಂಜಿನಿಯರಮ್ಮ.

"ಆಫೀಸಿನವರು ಯಾರೂ ಬರ್ಲಿಲ್ವಾ?" ಮಗಳು ಕೇಳಿದಳು.

"ಈಗಿರೋರೆಲ್ಲ ಹೊಸಬರು ಕಣಮ್ಮ. ಅವರಿಗೆ ನಿಮ್ಮಪ್ಪ ಬರೀ ಭಾನುವಾರದ ಸಾರ್."

"ಭಾನುವಾರ ಯಾಕೆ?"

"ರಜೆಯಲ್ಲೇ ಅಲ್ವಾ ಆ ಬೆಳಕಿನ ಸ್ವಿಚ್ ಕೆಲಸಕ್ಕೆ ಬರ್ತಿದ್ದಿದ್ದು?"

"ಅದನ್ನ ಬಿಟ್ಟೆ ಅಂದಿದ್ರು ನಂಗೆ."

*

ಅಮ್ಮ ತೀರಿಕೊಂಡ ಮೇಲೆ ಊಟದ ಮೇಜಿನಲ್ಲಿ ಇಬ್ಬರೇ. ಅಪ್ಪನಿಗೆ ಗೊತ್ತಿದ್ದದ್ದು ಒಂದೇ ಕತೆ.

"ಕೂದಲೆಳೆಯಂಥ ಗಾಜಿನೊಳಗೆ ಕಣ್ಣಿಗೆ ಕಾಣದ ಎಷ್ಟೋ ಬಣ್ಣದ ಬೆಳಕು ಒಟ್ಟಿಗೆ ಓಡ್ತವೆ ಪುಟ್ಟಿ. ಅದ್ರಲ್ಲಿ ಒಂದನ್ನ ಮಾತ್ರ ಪಕ್ಕದ ದಾರಿಗೆ ತಿರುಗಿಸ್ಬೇಕು."

"ಟ್ರಾಫಿಕ್ ಪೊಲೀಸ್ ಥರ?"

"ಹೂಂ. ಶಿಳ್ಳೆ ಇಲ್ದಿರೋ ಪೊಲೀಸ್."

ಆ ಪೊಲೀಸ್ ಒಂದು ತೆಳುಪದರ. ಒಂದು ಶಾಖಕ್ಕೆ ಹರಳುಗಟ್ಟುತ್ತಿತ್ತು, ಇನ್ನೊಂದಕ್ಕೆ ಮತ್ತೆ ಗಾಜಿನಂತಾಗುತ್ತಿತ್ತು. ಹಾಗೆ ಬದಲಾಗಿ ಬದಲಾಗಿ ಬಿರುಕು ಬಿಡುತ್ತಿತ್ತು.

ಮದುವೆಯಾಗಿ ದೂರ ಹೋದ ಮೇಲೂ ಅವಳು ಫೋನಿನಲ್ಲಿ ವಿಚಾರಿಸುತ್ತಿದ್ದಳು, "ಪೊಲೀಸ್ ಹೇಗಿದಾನಪ್ಪಾ?"

"ಮತ್ತೆ ಬಿರುಕು ಬಿಟ್ಟು ಮಲಗಿದ."

ಒಂದು ಸಲ ಅಪ್ಪ, "ಆ ಕೆಲಸ ಬಿಟ್ಟೆ ಕಣೇ," ಎಂದ. ಆಮೇಲೆ ಫೋನಿನಲ್ಲಿ "ಊಟ ಆಯ್ತಾ?" "ಆಯ್ತು" ಅಷ್ಟೇ ಉಳಿಯಿತು. ಭಾನುವಾರ ಮಾಡಿದರೆ ಅಪ್ಪ ಫೋನ್ ಎತ್ತುತ್ತಲೇ ಇರಲಿಲ್ಲ.

*

"ಕೈಬಿಟ್ಟಿದ್ದು ಕಂಪನಿ, ಅವರಲ್ಲ," ಎಂದರು ಇಂಜಿನಿಯರಮ್ಮ. "ಸೋತೆ ಅಂತ ಮಗಳ ಹತ್ರ ಎಷ್ಟು ಸಲ ಹೇಳ್ಲಿ, ಪದರ ತಾಳಿದ ಮೇಲೇ ಹೇಳ್ತೀನಿ ಅಂತಿದ್ರು."

"ತಾಳ್ತಾ?"

"ಹೋದ ಭಾನುವಾರ ಪರೀಕ್ಷೆಗೆ ಇಟ್ಟು ಮನೆಗೆ ಹೋದ್ರು. ಅದಿನ್ನೂ ಓಡ್ತಿದೆ. ನಾಳೆ ಆ ಮೇಜು ಬೇರೆಯವರಿಗೆ, ಇವತ್ತೇ ನಿಲ್ಲಿಸ್ಬೇಕು. ನಂಗೆ ಕೈ ಬರ್ತಿಲ್ಲ. ಜೊತೆಗೆ ಬರ್ತೀಯಾ?"

ಪ್ರಯೋಗಾಲಯದ ಕಿಟಕಿಯಿಲ್ಲದ ಕೋಣೆ. ಪರದೆಯ ಮೇಲೆ ಸಾಲುಗುಡ್ಡದಂಥ ಗೆರೆ, ಒಂದೊಂದು ಬಣ್ಣದ ಬೆಳಕಿಗೆ ಒಂದೊಂದು ಗುಡ್ಡ. ಒಂದು ಗುಡ್ಡ ಮಾತ್ರ ಕುಸಿಯುತ್ತಿತ್ತು, ಏಳುತ್ತಿತ್ತು, ಅಕ್ಕಪಕ್ಕದವು ಅಲುಗುತ್ತಿರಲಿಲ್ಲ.

"ಒಂದು ಬಿರುಕೂ ಇಲ್ಲ," ಇಂಜಿನಿಯರಮ್ಮ ಕಣ್ಣೊರೆಸಿಕೊಂಡು ಗುಂಡಿಯತ್ತ ಕೈ ಚಾಚಿದರು.

"ಸ್ವಲ್ಪ ಹೊತ್ತು ಇರ್ಲಿ. ಆಮೇಲೆ ನಾನೇ ನಿಲ್ಲಿಸ್ತೀನಿ, ನೀವು ಹೊರಡಿ," ಎಂದಳು ಮಗಳು.

ಬಾಗಿಲು ಮುಚ್ಚಿತು. ಅವಳು ಅಪ್ಪನ ಕುರ್ಚಿ ಎಳೆದು ಕೂತಳು. ಅವನ ಎತ್ತರಕ್ಕೆ ತಗ್ಗಿಸಿದ್ದ ಕುರ್ಚಿ. ಅವಳ ಮೊಣಕಾಲುಗಳು ಮೇಲೆದ್ದು ನಿಂತವು. ಅವಳು ಕುರ್ಚಿಯನ್ನು ಎತ್ತರಿಸಿಕೊಳ್ಳಲಿಲ್ಲ. ಕಾಲು ಮಡಚಿಕೊಂಡು, ಗುಡ್ಡ ಕುಸಿದು ಏಳುವುದನ್ನು ನೋಡುತ್ತ ಕೂತಳು.