ನೆಸ್ತೋರನ ಹಿಡಿ ಮಣ್ಣು

"ಕೈ ತೆಗೀರಿ!" ದಾರ್ಕಾ ಶವಸಂಸ್ಕಾರದ ಕಂಪನಿಯ ಹುಡುಗನ ಮುಂಗೈಗೆ ಪಟ್ಟನೆ ಹೊಡೆದಳು.

ಅವನು ಕೆಟ್ಟದ್ದೇನೂ ಮಾಡಿರಲಿಲ್ಲ. ಚರ್ಚಿನ ಬಾಗಿಲಲ್ಲಿ ಗಾಲಿಕುರ್ಚಿಯಲ್ಲಿ ಕೂತು ಕೋಟಿನ ಜಿಪ್ಪಿನೊಡನೆ ಗುದ್ದಾಡುತ್ತಿದ್ದ ನೆಸ್ತೋರನಿಗೆ ನೆರವಾಗಲು ಬಗ್ಗಿದ್ದ, ಅಷ್ಟೆ. ಹೊರಗೆ ಯುಸ್ತೀನಾ ಟೀಚರ್ ಅವರ ಶವಪೆಟ್ಟಿಗೆ ಹೊತ್ತ ಕಾರು ಎಂಜಿನ್ ಆರಿಸದೆ ನಿಂತಿತ್ತು.

"ಲೇಟಾಗ್ತಿದೆ ಮೇಡಂ. ಗುಂಡಿ ತೋಡಿದೋರು ಈ ಚಳೀಲಿ ಕಾಯ್ತಿದಾರೆ."

"ಕಾಯ್ಲಿ ಬಿಡಪ್ಪ. ಟೀಚರೇನು ಎದ್ದು ಓಡಿಹೋಗ್ತಾರಾ?"

ನೆಸ್ತೋರನಿಗೆ ಈಗ ನಲವತ್ತಮೂರು. ಹುಟ್ಟುವಾಗಲೇ ಮಿದುಳಿಗೆ ಪೆಟ್ಟು ಬಿದ್ದು, ಅವನ ಕೈಕಾಲು ಅವನ ಮಾತು ಕೇಳುವುದು ಅಪರೂಪ. ಏಳು ನಿಮಿಷದ ಮೇಲೆ ಜಿಪ್ಪು ಗಂಟಲಿನವರೆಗೆ ಏರಿತು.

"ಹೂಂ... ನಡೀರಿ," ಎಂದ, ಉಳಿದವರೇ ತಡಮಾಡಿದವರೆಂಬಂತೆ.

* * *

ಇದೇ ಚರ್ಚಿನ ನೆಲಮಾಳಿಗೆಯಲ್ಲಿ ಟೀಚರ್ ಎಳೆಮಕ್ಕಳ ತರಗತಿ ನಡೆಸುತ್ತಿದ್ದರು. ಬೇರೆ ಶಾಲೆಗಳು ಬೇಡವೆಂದ ಮಕ್ಕಳೇ ಅಲ್ಲಿ ಹೆಚ್ಚು. ದಾರ್ಕಾ ಅವರ ಸಹಾಯಕಿ. ನೆಸ್ತೋರನಿಗೆ ನಾಲ್ಕು ತುಂಬಿದ ಚಳಿಗಾಲದಲ್ಲಿ ಶಾಲಾ ಮಂಡಳಿಯ ಅಧಿಕಾರಿಯೊಬ್ಬರು ಕಾಗದ ಹಿಡಿದು ಬಂದರು. ಈ ಮಗು ಏನನ್ನೂ ಕಲಿಯಲಾರದೆಂದು ಬರೆದಾಗಿತ್ತು. ಸಹಿ ಬಿದ್ದರೆ ಅವನನ್ನು ಅಮ್ಮನಿಂದ ಬಿಡಿಸಿ ದೂರದ ಪಾಲನಾ ಕೇಂದ್ರಕ್ಕೆ ಸಾಗಿಸುತ್ತಿದ್ದರು.

"ಕೂತ್ಕೊಳ್ಳಿ ಸಾರ್," ಎಂದರು ಟೀಚರ್. "ಹಾಗಲ್ಲ. ಮೊದ್ಲು ಎರಡೂ ಅಂಗೈ ಕುರ್ಚಿ ಮೇಲಿಡಿ. ಅದರ ಮೇಲೆ ಕೂತ್ಕೊಳ್ಳಿ."

ಅಲ್ಲಿಯ ನಿಯಮವೇ ಅದು. ಮಗುವೊಂದು ಏನಾದರೂ ಮಾಡಲು ಹೊರಟರೆ ಸುತ್ತಲಿದ್ದ ದೊಡ್ಡವರು, ಹೆತ್ತಮ್ಮನಾದರೂ ಸರಿ, ಪಾದ್ರಿಯಾದರೂ ಸರಿ, ತಮ್ಮ ಕೈಯ ಮೇಲೆ ತಾವೇ ಕೂರಬೇಕು. ಅಯ್ಯೋ ಪಾಪ ಅನ್ನುವ ಕೈಯಷ್ಟು ಕೆಟ್ಟದ್ದು ಇನ್ನೊಂದಿಲ್ಲ ಎಂದು ಟೀಚರ್ ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದರು. ಊರಲ್ಲಿ ಅದಕ್ಕೇ ಅವರನ್ನು ಕಲ್ಲೆದೆಯವಳು ಎನ್ನುತ್ತಿದ್ದರು.

ನೆಸ್ತೋರ ಉಣ್ಣೆಯ ಕೈಗವಸು ಹಾಕಿಕೊಳ್ಳಲು ಶುರುಮಾಡಿದ. ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು. ಅಧಿಕಾರಿಯ ಚಹಾ ತಣ್ಣಗಾಯಿತು. ಎರಡು ಸಲ ಅವರ ಬಲಗೈ ತಾನಾಗಿ ಹೊರಗೆ ಬಂತು. ಎರಡು ಸಲವೂ ಟೀಚರ್ ಗದರಿದರು: "ಕೈ!"

ಇಪ್ಪತ್ತೆರಡು ನಿಮಿಷ ಹಿಡಿಯಿತು.

"ಬಲಗೈದನ್ನ ಎಡಗೈಗೆ ಹಾಕ್ಕೊಂಡಿದಾನೆ," ಎಂದರು ಅಧಿಕಾರಿ.

"ಹಾಕ್ಕೊಂಡ ತಾನೇ? ಅದನ್ನ ಬರೀರಿ."

ಅವರು ಸಹಿ ಹಾಕದ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದುಹೋದರು. ಮಗನನ್ನು ಎತ್ತಿಕೊಂಡು ನೆಸ್ತೋರನ ಅಮ್ಮ ಆ ದಿನ ಅತ್ತದ್ದು ದಾರ್ಕಾಳಿಗೆ ಇನ್ನೂ ನೆನಪಿದೆ.

* * *

ಸ್ಮಶಾನದಲ್ಲಿ ಬಯಲ ಗಾಳಿ ಮುಖಕ್ಕೆ ರಾಚುತ್ತಿತ್ತು. ಪೆಟ್ಟಿಗೆ ಇಳಿಸಿದ ಮೇಲೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಬೇಕು. ಫಾದರ್ ಮಿರೋನ್ ಹಾಕಿದರು, ದಾರ್ಕಾ ಹಾಕಿದಳು, ಆ ತರಗತಿಯ ಮಕ್ಕಳ ಅಮ್ಮಂದಿರೆಲ್ಲ ಹಾಕಿ ಗುಂಡಿಯ ಪಕ್ಕದ ಮಡಿಸುವ ಕುರ್ಚಿಗಳಲ್ಲಿ ಕೂತರು. ಕೊನೆಗೆ ನೆಸ್ತೋರ. ದಾರ್ಕಾ ಬಕೆಟ್ ಹಿಡಿದಳು. ಅವನು ಮಣ್ಣು ತೆಗೆದುಕೊಂಡು ಗುಂಡಿಯ ಮೇಲೆ ತೋಳು ಚಾಚಿದ.

ಮುಷ್ಟಿ ಬಿಚ್ಚಲಿಲ್ಲ. ಬಿಚ್ಚಬೇಕೆಂದಷ್ಟೂ ಅದು ಬಿಗಿಯುತ್ತದೆ. ಅವನ ಕೈಯ ಜಾಯಮಾನವೇ ಅಂಥದು. ಹೋದ ವಾರ ಆಸ್ಪತ್ರೆಯಲ್ಲಿ ಟೀಚರ್ ಅವನಿಗೆ ಹೇಳಿದ್ದರು: "ಮಣ್ಣು ನೀನೇ ಹಾಕ್ಬೇಕು ಕಣೋ. ಯಾರಾದ್ರೂ ನಿನ್ನ ಬೆರಳು ಬಿಡಿಸಿದ್ರೋ, ಎದ್ದು ಬಂದು ಬೈತೀನಿ."

ಚಾಚಿದ ತೋಳು ಸೋತು ಇಳಿಯತೊಡಗಿತು. ಕಂಪನಿಯ ಹುಡುಗ ಗಡಿಯಾರ ನೋಡಿಕೊಂಡ. "ಪಾಪ, ಫಾದರ್..." ಎಂದ. ಫಾದರ್ ಮಿರೋನ್ ನಿಯಮ ಮರೆತು ಕೈ ಮುಂದೆ ಚಾಚಿದರು.

"ಕೈ!" ಎಂದು ಅರಚಿದ ನೆಸ್ತೋರ.

ಫಾದರ್ ಬೆಚ್ಚಿ ಕೈಗಳನ್ನು ನಿಲುವಂಗಿಯೊಳಗೆ ಸೇರಿಸಿಕೊಂಡರು. ದಾರ್ಕಾ ಬಕೆಟ್ ಇಟ್ಟು, ಕುರ್ಚಿಯಲ್ಲಿ ಅಂಗೈ ಹಾಸಿ ಕೂತಳು. ಈಗ ಮುದುಕಿಯರಾಗಿದ್ದ ಅಮ್ಮಂದಿರೂ ಒಬ್ಬೊಬ್ಬರಾಗಿ ತಮ್ಮ ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡರು. ಹುಡುಗ ಅತ್ತಿತ್ತ ನೋಡಿದ. ಆಮೇಲೆ ಖಾಲಿ ಕುರ್ಚಿಯೊಂದನ್ನು ಎಳೆದು, ಅವರಂತೆಯೇ ಕೂತ.

ಬಹಳ ಹೊತ್ತಾಯಿತು. ಮೊದಲು ಕಿರುಬೆರಳು ಬಿಚ್ಚಿತು. ಒಂದು ಹೆಂಟೆ ಜಾರಿ ಪೆಟ್ಟಿಗೆಯ ಮೇಲೆ ಠಪ್ಪೆಂದು ಬಿತ್ತು. ಯಾರೂ ಏಳಲಿಲ್ಲ. ಇನ್ನೂ ನಾಲ್ಕು ಬೆರಳು ಬಾಕಿ ಇದ್ದವು.