ಮೂರನೇ ಚಿತ್ರ ಬರುವ ಮುನ್ನ

ಸಾಹೇಬರಿಗೆ ಕಚೇರಿಯವರು ಇಟ್ಟಿದ್ದ ಅಡ್ಡಹೆಸರು ‘ಮೂರನೇ ಚಿತ್ರ’. ಹೋಟೆಲಿನಲ್ಲೂ ಮೂರು ಸಲ ಮೆನು ನೋಡದೆ ಬಾಯಿ ಬಿಡುವವರಲ್ಲ ಎಂದು ಬೆನ್ನ ಹಿಂದೆ ನಗುತ್ತಿದ್ದರು. ಎಲ್ಲಾದರೂ ವಿಷಾನಿಲ ಸೋರಿದರೆ ಅದು ಯಾವ ಬೀದಿಗೆ ಯಾವಾಗ ಬಡಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸಿ ಊರಿಗೆ ಸಾರುವುದು ಆ ಕಚೇರಿಯ ಕೆಲಸ. ನಕ್ಷೆಯ ಮೊದಲ ಚಿತ್ರ ಸೋರಿಕೆಗೂ ಮುಂಚಿನ ಹಳೆಯ ಗಾಳಿಯ ಲೆಕ್ಕದ್ದು. ಕಂಬಗಳ ಮೇಲಿನ ಯಂತ್ರಗಳು ಹೊಸ ಗಾಳಿಯ ಸುದ್ದಿ ಕಳಿಸಿ ಮೂರನೆಯದು ಬರುವ ತನಕ ಯಾರೂ ತುಟಿ ಬಿಚ್ಚಕೂಡದು, ಮನೆಯವರ ಹತ್ತಿರವಂತೂ ಕೂಡದೇ ಕೂಡದು ಎಂಬುದು ಸಾಹೇಬರ ಕಟ್ಟಪ್ಪಣೆ.

ಆ ಮಧ್ಯಾಹ್ನ ಮಂಜುಗಡ್ಡೆ ಕಾರ್ಖಾನೆಯ ಅಮೋನಿಯಾ ಟ್ಯಾಂಕು ಬಿರುಕುಬಿಟ್ಟಿತು. ಮೊದಲ ಚಿತ್ರದಲ್ಲಿ ಕೆಂಪು ಬಣ್ಣ, ನಕ್ಷೆ ಬಿಡಿಸುತ್ತ ಕುಳಿತಿದ್ದವಳ ಸ್ವಂತ ಅಕ್ಕನ ಬೀದಿಯ ಮೇಲೆ ನೇರವಾಗಿ ಚಾಚಿಕೊಂಡಿತು. ಅಕ್ಕನಿಗೆ ಉಬ್ಬಸ, ನಾಲ್ಕು ಮೆಟ್ಟಿಲು ಹತ್ತಿದರೇ ಏದುಸಿರು. ಮೇಜಿನ ಕೆಳಗೆ ಫೋನು ಹಿಡಿದು, ಈಗಲೇ ಸ್ಕೂಟರ್ ಹತ್ತಿ ಕೆರೆ ರಸ್ತೆ ಹಿಡಿ, ಸೇತುವೆ ದಾಟುವ ತನಕ ನಿಲ್ಲಬೇಡ ಎಂದು ಪಿಸುಗುಟ್ಟಿದಳು. ಹುಟ್ಟಿದಾಗಿನಿಂದ ತಂಗಿಯ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದ ಅಕ್ಕ ಅಂದು ಮರುಮಾತಾಡದೆ ಹೊರಟಳು.

ಎರಡನೇ ಚಿತ್ರದಲ್ಲಿ ಕೆಂಪು ಕೊಂಚ ವಾಲಿತು. ಮೂರನೆಯದರಲ್ಲಿ ಅಕ್ಕನ ಬೀದಿಯನ್ನು ಪೂರ್ತಿ ಬಿಟ್ಟು ಕೆರೆ ರಸ್ತೆಯ ಉದ್ದಕ್ಕೂ ಮಲಗಿತು. ಅವಳು ಫೋನು ಮಾಡಿದಳು, ಮತ್ತೆ ಮಾಡಿದಳು. ಗಾಡಿ ಓಡಿಸುವಾಗ ಅಕ್ಕ ಫೋನು ಎತ್ತುವವಳಲ್ಲ. ಅಂಥದ್ದರಲ್ಲಿ ಬಲು ಕಟ್ಟುನಿಟ್ಟು.

ಬೀದಿಬೀದಿಯ ಧ್ವನಿವರ್ಧಕಗಳಲ್ಲಿ ಸಾರುವುದೂ ಅವಳದೇ ಕೆಲಸ. ಸಾಹೇಬರು ಓದಬೇಕಾದ ಹಾಳೆ ತಂದಿಟ್ಟರು. ಕೆರೆ ರಸ್ತೆಯವರು ಕಿಟಕಿ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಬೇಕು, ಯಾರಿಗೂ ಬಾಗಿಲು ತೆರೆಯಬಾರದು ಎಂದಿತ್ತು; ಹೊರಗಿರುವವರಿಗೆ ಏನೂ ಇರಲಿಲ್ಲ. ಈ ಬಿಸಿಲಲ್ಲಿ ರಸ್ತೆಯಲ್ಲಿ ಯಾರಿರುತ್ತಾರೆ, ಅಷ್ಟು ಸಾಕು ಎಂದರು.

“ನಮ್ಮಕ್ಕ ಇದಾಳೆ, ಸರ್. ಮೊದಲ್ನೇ ಚಿತ್ರ ನೋಡಿ ನಾನೇ ಕಳಿಸ್ದೆ.”

ಬೈಯುತ್ತಾರೆ ಎಂದುಕೊಂಡಿದ್ದಳು. ಸಾಹೇಬರು ಆಂಬುಲೆನ್ಸಿಗೆ ಫೋನು ಹಚ್ಚುತ್ತಲೇ ಮೈಕನ್ನು ಅವಳತ್ತ ತಳ್ಳಿದರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಕೊನೆಯ ಸಾಲೊಂದನ್ನು ಬಿಟ್ಟು ಹಾಳೆಯಲ್ಲಿದ್ದದ್ದನ್ನೆಲ್ಲ ಓದಿದಳು. ಹೊರಗಿರುವವರು ಹತ್ತಿರದ ಮನೆಯ ಬಾಗಿಲು ಬಡಿಯಿರಿ ಎಂದು ತಾನೇ ಸೇರಿಸಿದಳು. ಆಮೇಲೆ ಹಾಳೆಯನ್ನು ಪಕ್ಕಕ್ಕಿಟ್ಟಳು.

“ಯಾರಾದ್ರೂ ಬಾಗಿಲು ಬಡಿದ್ರೆ ತೆಗೀರಿ. ಒಳಗೆ ಕರ್ಕೊಂಡು ಆಮೇಲೆ ಮುಚ್ಕೊಳ್ಳಿ. ದಯವಿಟ್ಟು ತೆಗೀರಿ.”

ಮೈಕು ಆರಿಸಿ ಮತ್ತೆ ಅಕ್ಕನ ನಂಬರ್ ಒತ್ತಿದಳು. ಬಹಳ ಹೊತ್ತು ರಿಂಗಾಯಿತು. ಎತ್ತಿದ್ದು ಯಾರೋ ಗುರುತಿಲ್ಲದ ಹೆಂಗಸು. ಅವಳ ಮಾತಿನ ಹಿಂದೆ, ಉಸಿರನ್ನು ಎಳೆದೆಳೆದು ತೆಗೆದುಕೊಳ್ಳುವ ಸದ್ದು.

“ಮೈಕಲ್ಲಿ ಹೇಳಿದ್ರು ಅಂತ ಬಾಗಿಲು ತೆಗೆದ್ವಿ. ಇವ್ರಿಗೆ ಮಾತಾಡೋಕೆ ಆಗ್ತಿಲ್ಲ. ಮುಂದೇನ್ ಮಾಡ್ಬೇಕು ಅಂತ ಆ ಮೈಕಿನವ್ರು ಹೇಳ್ಲೇ ಇಲ್ವಲ್ಲ.”