ರಾಡಿವೊಯೆ ಮಾಮನ ನೀಲಿ ಟೇಪು

ನನ್ನ ಬಾಯಿ ದೊಡ್ಡದು ಅಂತ ನೀಶ್ ಊರಿನ ಎಲ್ಲ ಸಭಾಂಗಣಗಳಿಗೂ ಗೊತ್ತು. ತಂಡಕ್ಕೆ ನಾನೇ ಮುಖ್ಯಸ್ಥೆ. ಹೆಲ್ಮೆಟ್ ಇಲ್ಲದೆ ಒಳಗೆ ಕಾಲಿಟ್ಟ ಹಾಡುಗಾರರನ್ನೂ ಬೈದು ಆಚೆ ಕಳಿಸಿದವಳು. ಅಂಥ ನಾನು ಒಂದೇ ಒಂದು ಮಾತನ್ನು ಎರಡು ವರ್ಷ ನುಂಗಿಕೊಂಡು ಕೂತೆ. ರಾಡಿವೊಯೆ ಮಾಮನಿಗೆ ಹೇಳಬೇಕಾಗಿದ್ದ ಮಾತು ಅದು.

ನಮ್ಮದು ಸಂಗೀತ ಕಾರ್ಯಕ್ರಮಗಳ ದೀಪ, ಸ್ಪೀಕರು, ಪರದೆಗಳನ್ನು ಸೂರಿಗೆ ತೂಗುಹಾಕುವ ಕೆಲಸ. ಕೆಳಗಿನವರು ಸರಪಳಿ, ಕೊಂಡಿ ಜೋಡಿಸಿ ಹಗ್ಗಕ್ಕೆ ಕಟ್ಟುತ್ತಾರೆ. ಮೇಲಿನವರು ಉಕ್ಕಿನ ತೊಲೆಯ ಮೇಲೆ ಕೂತು ಅದನ್ನು ಎಳೆದುಕೊಂಡು, ತೊಲೆಗೆ ಸುತ್ತಿ, ಕೊಂಡಿಯ ಬೋಲ್ಟು ಬಿಗಿದು, ಮೇಲೆ ತಮ್ಮ ತಮ್ಮ ಬಣ್ಣದ ಟೇಪು ಸುತ್ತುತ್ತಾರೆ. ಟೇಪು ಬಿತ್ತು ಅಂದರೆ ಆ ಪಾಯಿಂಟಿಗೆ, ಅಂದರೆ ತೂಗುಹಾಕಿದ ಆ ಜಾಗಕ್ಕೆ, ಅವರೇ ಜವಾಬ್ದಾರರು. ಒಬ್ಬರ ಟೇಪನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಬಿಚ್ಚಲೇಬೇಕಾದರೆ ಸುತ್ತಿದವರನ್ನು ಕರೆದು ಅವರೆದುರೇ ಬಿಚ್ಚಬೇಕು. ಕಾರ್ಯಕ್ರಮ ಮುಗಿದ ಮೇಲೆ ಎಲ್ಲ ಕಳಚಿ ಇಳಿಸಲು ಮಾತ್ರ ರಾತ್ರಿ ಬೇರೆ ತಂಡ ಬರುತ್ತದೆ. ನಾನು ನೆಲದಿಂದ ದುರ್ಬೀನು ಹಿಡಿದು ಎಲ್ಲ ಪಾಯಿಂಟಿಗೂ ಟೇಪು ಬಿದ್ದಿದೆಯಾ ನೋಡಿ, ಇದರ ಕೆಳಗೆ ಜನ ನಿಲ್ಲಬಹುದು ಅಂತ ಕಾಗದಕ್ಕೆ ಸಹಿ ಹಾಕುತ್ತೇನೆ.

ಮಾಮನದು ನೀಲಿ. ಅರವತ್ತೊಂದು ವರ್ಷ, ಮಾತು ಕಡಿಮೆ, ಎಲ್ಲ ಕೆಲಸವೂ ಎಡಗೈಯಲ್ಲೇ. ನನ್ನನ್ನು ಮೊದಲ ಸಲ ತೊಲೆ ಹತ್ತಿಸಿದವರು ಅವರೇ. ಇವಳು ಮೇಲೆ ಹೋದರೆ ನಾವು ಕೆಳಗೆ ಅಡುಗೆ ಮಾಡಬೇಕಾ ಅಂತ ಗಂಡಸರೆಲ್ಲ ಹಲ್ಲು ಕಿಸಿದಿದ್ದರು. ನಿಮ್ಮ ಅಡುಗೆ ತಿನ್ನೋದಕ್ಕಿಂತ ಮೇಲಿಂದ ಬೀಳೋದೇ ವಾಸಿ ಅಂದು ಮಾಮ ನನ್ನ ಸೊಂಟದ ಬೆಲ್ಟು ಬಿಗಿದಿದ್ದರು.

ಎರಡು ವರ್ಷದ ಹಿಂದೆ, ಮಕ್ಕಳ ಗಾಯನದ ದಿನ ಬೆಳಗ್ಗೆ, ಯಾವುದೋ ತಂತಿ ಸರಿಮಾಡಲು ನಾನು ಮೇಲೆ ಹೋಗಿದ್ದೆ. ಒಂದು ಕಡೆ ನೀಲಿ ಟೇಪು ಉಬ್ಬಿತ್ತು. ಮುಟ್ಟಿದರೆ ಒಳಗೆ ಬೋಲ್ಟು ಅಲ್ಲಾಡಿತು. ಅರ್ಧಕ್ಕರ್ಧ ತಿರುಗಿಸೇ ಇರಲಿಲ್ಲ. ನೇರ ಕೆಳಗೆ ಮಕ್ಕಳು ಸಾಲಾಗಿ ನಿಂತು ಹಾಡು ಕಲಿಯುತ್ತಿದ್ದರು. ಟೇಪು ಕತ್ತರಿಸಿ, ಬೋಲ್ಟು ಬಿಗಿದು, ಹೊಸ ನೀಲಿ ಟೇಪು ಸುತ್ತಿ ಇಳಿದುಬಂದೆ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಮಾಮ ಅವತ್ತೇ ನೆಲದ ಕೆಲಸಕ್ಕೆ ಇಳಿಯಬೇಕಿತ್ತು. ಹೆಂಡತಿ ಹೋದ ಮೇಲೆ ಅವರಿಗೆ ಅಂತ ಉಳಿದಿದ್ದು ಆ ತೊಲೆಗಳೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ನಾನೊಂದು ಉಪಾಯ ಮಾಡಿದೆ. ಅಂದಿನಿಂದ ಪ್ರತಿ ಕಾರ್ಯಕ್ರಮಕ್ಕೂ, ಮಾಮ ಬುರೆಕ್ ಕಡುಬು, ಮೊಸರು ತಿನ್ನಲು ಆಚೆ ಹೋದ ಕೂಡಲೇ, ಜೇಬಿನಲ್ಲಿ ನೀಲಿ ಟೇಪು ಇಟ್ಟುಕೊಂಡು ಹತ್ತಿ, ಅವರ ಒಂದೊಂದು ಪಾಯಿಂಟನ್ನೂ ಬಿಚ್ಚಿ ನೋಡುತ್ತಿದ್ದೆ. ಅವರ ಜೊತೆಗೆ ಮೇಲೆ ಕೆಲಸ ಮಾಡುವ ಬೋಬಾನ್, ಅಕ್ಕ ಸೂರಿನ ಮೇಲೆ ಯಾರನ್ನೋ ಇಟ್ಕೊಂಡಿದ್ದಾಳೆ, ಊಟದ ಹೊತ್ತಿಗೆ ಸರಿಯಾಗಿ ಹೋಗ್ತಾಳೆ ಅಂತ ಕಿಚಾಯಿಸುತ್ತಿದ್ದ. ನಾನೂ ನಕ್ಕು ಸುಮ್ಮನಾಗುತ್ತಿದ್ದೆ.

ಈ ಮಾರ್ಚಿನಲ್ಲಿ ಬಂದಿದ್ದ ವಾದ್ಯತಂಡದ ದೀಪದವನೊಬ್ಬ, ಎಲ್ಲ ಕಟ್ಟಿ ಊಟವೂ ಆದ ಮೇಲೆ, ನಕ್ಷೆ ಬದಲಿಸಿದ. ಒಂದು ಪಾಯಿಂಟನ್ನು ಎರಡು ಮೀಟರ್ ಸರಿಸಬೇಕಂತೆ. ಅದು ಮಾಮನ ಪಾಯಿಂಟು. ಅವರು ಹತ್ತಿದರು. ಆಮೇಲೆ ವಾಕಿಟಾಕಿಯಲ್ಲಿ ನನಗೆ ಮೇಲೆ ಬಾ ಅಂದರು.

ಹೋದೆ. ತೊಲೆಯ ಎರಡೂ ಕಡೆ ಕಾಲು ಇಳಿಬಿಟ್ಟು ಕೂತಿದ್ದರು. ಬೆರಳು ಟೇಪಿನ ಮೇಲಿತ್ತು.

"ಇದು ಬಲಗೈ ಸುತ್ತು, ಗೋಗಾ. ನಂದಲ್ಲ. ಎಷ್ಟು ದಿನದಿಂದ ನಡೀತಿದೆ?"

"ಎರಡು ವರ್ಷ, ಮಾಮ."

"ಸಡಿಲ ಸಿಕ್ಕಿದ್ದು ಎಷ್ಟು?"

ಸುಳ್ಳು ಹೇಳಬೇಕು ಅಂತಲೇ ಬಾಯಿ ತೆರೆದೆ. ಅವರ ಮುಖ ನೋಡಿ ಆಗಲಿಲ್ಲ. ಹದಿನಾಲ್ಕು ಅಂದೆ.

ಮಾಮ ಕೈಗವಸು ಕಳಚಿ ತಮ್ಮ ಬೆರಳುಗಳನ್ನೇ ನೋಡುತ್ತಾ ಕೂತರು.

"ಬೆರಳ ತುದೀಲಿ ಸ್ಪರ್ಶ ಹೋಗಿ ಎರಡು ಚಳಿಗಾಲ ದಾಟ್ತು ಕಣೇ. ಬಿಗಿ ಆಯ್ತೋ ಇಲ್ವೋ ನಂಗೇ ತಿಳೀತಿರ್ಲಿಲ್ಲ. ಯಾರಾದ್ರೂ ಒಂದ್ಸಲ ಸಡಿಲ ಅಂದ್ರೆ ಅವತ್ತೇ ಇಳಿಯೋಣ ಅಂತಿದ್ದೆ. ಒಬ್ರೂ ಅನ್ನಲಿಲ್ಲ. ಕೈ ಇನ್ನೂ ನೆಟ್ಟಗಿದೆ ಅಂತ ನಂಬ್ಕೊಂಡೆ."

ನಿಮಗೆ ನೋವಾಗಬಾರದು ಅಂತ ಮಾಡಿದೆ ಅಂದೆ. ಅದಕ್ಕೆ ಅವರು ಒಂದೇ ಪ್ರಶ್ನೆ ಕೇಳಿದರು.

"ಜನವರೀಲಿ ನೀನು ಜ್ವರ ಅಂತ ಮಲಗಿದ್ದೆಯಲ್ಲ, ಅವತ್ತು?"

ಅವತ್ತು ಮಾಮ ಒಂಬತ್ತು ಪಾಯಿಂಟು ಕಟ್ಟಿದ್ದರು. ಕೆಳಗೆ ನಾಲ್ಕು ಸಾವಿರ ಜನ ಕುಣಿದಿದ್ದರು. ಏನೂ ಬೀಳಲಿಲ್ಲ, ಅದು ದೇವರು ದೊಡ್ಡವನು ಅನ್ನುವ ಕಾರಣಕ್ಕೆ, ನನ್ನ ಜಾಣತನದಿಂದಲ್ಲ. ಹಾಸಿಗೆಯಲ್ಲಿ ಬಿದ್ದಿದ್ದಾಗ ನನಗೆ ಅದು ನೆನಪಾಗಿತ್ತು. ಆಗಲೂ ಫೋನ್ ಮಾಡಿರಲಿಲ್ಲ. ಮಾಮನ ಮೇಲಿನ ಪ್ರೀತಿ ಅಂದುಕೊಂಡಿದ್ದೆನಲ್ಲ, ಅದರಲ್ಲಿ ಮುಕ್ಕಾಲು ಪಾಲು ಹೇಡಿತನವೇ ಇತ್ತು.

ಯಾರಾದರೂ ಮೇಲಿನಿಂದ ನೆಲಕ್ಕೆ ಬದಲಾದರೆ ಮುಖ್ಯಸ್ಥರು ವಾಕಿಟಾಕಿಯಲ್ಲಿ ಸಾರಬೇಕು, ಕೇಳಿಸಿಕೊಂಡವರೆಲ್ಲ ಉತ್ತರ ಕೊಡಬೇಕು. ಮಾಮ ನನ್ನ ಸೊಂಟದ ವಾಕಿಟಾಕಿ ತೋರಿಸಿದರು. ಬೇಡ ಮಾಮ, ನೀವೇ ಸುಮ್ಮನೆ ಇಳಿದುಬಿಡಿ, ಬೆನ್ನುನೋವು ಅಂತ ಹೇಳೋಣ ಅಂದೆ.

"ಮತ್ತೆ ಅದೇ ಮಾಡ್ತೀಯಾ?" ಅಂದರು. "ಹೇಳು. ನನಗೇ ಹೇಳೋಕಾದ್ರೆ ಇನ್ಯಾರಿಗೆ ಬೇಕಾದ್ರೂ ಹೇಳ್ಬಲ್ಲೆ."

ಗುಂಡಿ ಒತ್ತಿದೆ. "ಎಲ್ಲರೂ ಕೇಳಿ. ರಾಡಿವೊಯೆ ಇನ್ಮೇಲೆ ಮೇಲೆ ಹತ್ತೋ ಹಾಗಿಲ್ಲ, ನೆಲದ ಕೆಲಸ. ಕಾರಣ, ಸಡಿಲ ಬೋಲ್ಟು. ಎರಡು ವರ್ಷದಿಂದ ನಂಗೆ ಗೊತ್ತಿತ್ತು."

ಕೆಳಗೆ ಸುತ್ತಿಗೆಯ ಸದ್ದು ನಿಂತಿತು. ತಲೆಗಳೆಲ್ಲ ಮೇಲೆ ತಿರುಗಿದವು. ಒಬ್ಬರೂ ಉತ್ತರ ಕೊಡಲಿಲ್ಲ. ಬೋಬಾನ್ ಕೂಡ ಆಚೆ ತೊಲೆಯ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತಿದ್ದ.

ನನ್ನಿಂದ ಒಂದು ಮಾರು ದೂರದಲ್ಲಿ ಮಾಮ ತಮ್ಮ ವಾಕಿಟಾಕಿಯನ್ನು ಬಾಯಿಗೆ ಹಿಡಿದರು.

"ಕೇಳಿಸ್ತು," ಅಂದರು. "ರಾಡಿವೊಯೆ, ನೆಲಕ್ಕೆ."

ಆಮೇಲೆ ಒಬ್ಬೊಬ್ಬರದೇ ದನಿ ಬರತೊಡಗಿತು. ಕೊನೆಯವರು ಕೇಳಿಸ್ತು ಅನ್ನುವ ಹೊತ್ತಿಗೆ ಮಾಮ ಅರ್ಧ ಏಣಿ ಇಳಿದಾಗಿತ್ತು, ನಾನು ತೊಲೆಯನ್ನು ತಬ್ಬಿಕೊಂಡು ಅಳುತ್ತಿದ್ದೆ.